ಪೆಟ್ಟಿಗೆಯಲ್ಲಿಟ್ಟ ಶೂ

ಹೋದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಅಡುಗೆಮನೆ ಒರೆಸುತ್ತಿದ್ದೆ. ತಂಗಿಯ ಫೋನು ಬಂತು. "ಅಕ್ಕಾ" ಅನ್ನುವ ದನಿಯಲ್ಲೇ ಗೊತ್ತಾಯಿತು, ಅತ್ತಿದ್ದಾಳೆ ಎಂದು.

"ನಿನ್ನ ಮುದ್ದಿನ ಮಗಳು ಏನು ಮಾಡಿದಾಳೆ ಗೊತ್ತಾ? ನಾನು ಎರಡು ವರ್ಷ ಚೀಟಿ ಕಟ್ಟಿ, ಒಂದು ಜೊತೆ ಓಲೆ ಮಾಡಿಸ್ಕೋ ಅಂತ ಕೊಟ್ಟ ದುಡ್ಡಿನಲ್ಲಿ ಶೂ ತಗೊಂಡಿದಾಳೆ, ಶೂ! ಈಗ ಹನ್ನೊಂದು ಜೊತೆ ಆಯ್ತಂತೆ. ದೇವರು ಕೊಟ್ಟಿರೋದು ಎರಡೇ ಕಾಲು!"

ಹುಡುಗಿಗೆ ಇಪ್ಪತ್ತೆರಡು ವರ್ಷ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿಲ್ಲ. ತಾಯಿ-ಮಗಳಿಗೆ ಮೂರು ವಾರದಿಂದ ಮಾತಿಲ್ಲವಂತೆ. ನಾನೇ ಕರೆಸಿ ಬುದ್ಧಿ ಹೇಳಬೇಕಂತೆ. ಇನ್ನೊಬ್ಬರ ಮಕ್ಕಳಿಗೆ ಬುದ್ಧಿ ಹೇಳುವ ಕೆಲಸವೆಂದರೆ ನಮಗೆಲ್ಲ ಹುರುಪೇ ಅಲ್ಲವೆ ಸೋದರಿಯರೆ? ಆಗಲಿ ಕಳಿಸು ಅಂದೆ.

ಶನಿವಾರ ಬೆಳಗಿನ ರೈಲಿಗೆ ಬಂದಿಳಿದಳು. ಬೆನ್ನಿಗೊಂದು ಚೀಲ, ಕಂಕುಳಲ್ಲಿ ಎರಡು ರಟ್ಟಿನ ಪೆಟ್ಟಿಗೆ. ಚೀಲವನ್ನು ಮೂಲೆಗೆ ಎಸೆದಳು. ಪೆಟ್ಟಿಗೆಗಳನ್ನು ಮಾತ್ರ ದೇವರ ಪಟ ಇಡುವ ಹಾಗೆ ಎರಡು ಕೈಯಲ್ಲಿ ಹಿಡಿದು ಬೀರುವಿನ ಮೇಲಿಟ್ಟಳು. ಕಾಫಿ ಕೊಟ್ಟೆ, ಕೋಡುಬಳೆ ಕೊಟ್ಟೆ. ಇನ್ನು ಶುರು ಮಾಡೋಣ ಎಂದು ಗಂಟಲು ಸರಿಮಾಡಿಕೊಂಡರೆ ಅವಳೇ ಶುರು ಮಾಡಿಬಿಟ್ಟಳು. "ಅಮ್ಮ ಹೇಳಿರ್ತಾರೆ ಬಿಡಿ ದೊಡ್ಡಮ್ಮ. ಆದ್ರೆ ನೀವು ಒಂದ್ಸಲ ಇದರ ಕಥೆ ಕೇಳಿ. ಆಮೇಲೆ ಬೇಕಾದಷ್ಟು ಬೈಯಿರಿ."

ಮೊದಲನೆ ಪೆಟ್ಟಿಗೆ ಬಿಚ್ಚಿದಳು. ಕೆಂಪು, ಕಪ್ಪು, ಬಿಳಿ ಬಣ್ಣದ, ಹಿಮ್ಮಡಿಯ ಮೇಲಕ್ಕೂ ಬರುವ ಶೂ. ನಮ್ಮ ಕಾಲದಲ್ಲಿ ಪಿ.ಟಿ. ಕ್ಲಾಸಿಗೆ ಸೀಮೆಸುಣ್ಣ ಬಳಿದುಕೊಂಡು ಹೋಗುತ್ತಿದ್ದ ಕ್ಯಾನ್‌ವಾಸ್ ಶೂವಿನ ಶ್ರೀಮಂತ ನೆಂಟ ಅಂದುಕೊಳ್ಳಿ. ಇವರ ಭಾಷೆಯಲ್ಲಿ ಸ್ನೀಕರ್ಸ್. ಇದರ ಹೆಸರು ಏರ್ ಜೋರ್ಡನ್.

1984ರಲ್ಲಿ ಮೈಕಲ್ ಜೋರ್ಡನ್ ಎಂಬ ಇಪ್ಪತ್ತೊಂದು ವರ್ಷದ ಹುಡುಗ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಹೊಸದಾಗಿ ಬಂದಿದ್ದ. ಅವನಿಗೆ ಮನಸ್ಸಿದ್ದುದು ಅಡಿಡಾಸ್ ಕಂಪನಿಯ ಮೇಲೆ. ಆಗ ಓಟಗಾರರ ಶೂಗಳಿಗೆ ಹೆಸರಾಗಿದ್ದ ನೈಕಿಯವರು ಮಾತುಕತೆಗೆ ಆರೆಗಾನಿಗೆ ಬಾ ಅಂದರೆ ವಿಮಾನ ಹತ್ತಲೇ ಇಷ್ಟವಿಲ್ಲ. ಹಟ ಹಿಡಿದು ಹೊರಡಿಸಿದವರು ಅವನ ತಾಯಿ ಡೆಲೋರಿಸ್. ಒಪ್ಪುವುದು ಬಿಡುವುದು ಆಮೇಲೆ, ಮೊದಲು ಹೋಗಿ ಅವರ ಮಾತು ಕೇಳು ಎಂದು ಪಟ್ಟು ಹಿಡಿದರಂತೆ. ಹೋದ, ಕೇಳಿದ, ಒಪ್ಪಿದ. 1985ರಲ್ಲಿ ಶೂ ಅಂಗಡಿಗೆ ಬಂತು, ಬೆಲೆ 65 ಡಾಲರ್. ನಾಲ್ಕನೆ ವರ್ಷದ ಹೊತ್ತಿಗೆ 30 ಲಕ್ಷ ಡಾಲರ್ ವ್ಯಾಪಾರವಾದರೆ ಸಾಕು ಎಂದು ಕಂಪನಿಯವರು ಲೆಕ್ಕ ಹಾಕಿದ್ದರೆ ಮೊದಲ ವರ್ಷವೇ ಆದದ್ದು 12 ಕೋಟಿ 60 ಲಕ್ಷ! ಕೆಂಪು-ಕಪ್ಪು ಶೂ ನಿಯಮಕ್ಕೆ ವಿರುದ್ಧ ಎಂದು ಆಟದ ಮಂಡಳಿಯವರು ಕಾಗದ ಬರೆದರು. ಕಂಪನಿಯವರು ಆ ನಿಷೇಧವನ್ನೇ ಜಾಹೀರಾತು ಮಾಡಿಕೊಂಡರು. ಬೇಡ ಅಂದದ್ದನ್ನೇ ಬೇಕು ಅನ್ನದ ಹುಡುಗರು ಯಾವ ದೇಶದಲ್ಲಿದ್ದಾರೆ ಹೇಳಿ?

"ನೋಡಿದ್ರಾ, ತಾಯಿ ಮಾತು ಕೇಳಿದ್ದಕ್ಕೆ ಆ ಶೂ ಹುಟ್ಟಿತು" ಅಂದೆ ನಾನು, ಸಿಕ್ಕಿದ ಅವಕಾಶ ಬಿಡದೆ.

"ಅದಕ್ಕೇ ಈ ಕಥೆ ಮೊದಲು ಹೇಳಿದ್ದು" ಅಂದಳು ಕಳ್ಳಿ.

ನನಗೆ ಹಿಡಿಸಿದ್ದು ಇನ್ನೊಂದು ಕಥೆ, ನಮ್ಮ ಅಡುಗೆಮನೆಗೆ ಸೇರಿದ್ದು. ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಬಿಲ್ ಬೋವರ್‌ಮನ್, ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ ಓಟ ಕಲಿಸುತ್ತಿದ್ದವರು. ಹಗುರವಾಗಿಯೂ ಇರಬೇಕು, ನೆಲವನ್ನೂ ಕಚ್ಚಿ ಹಿಡಿಯಬೇಕು, ಅಂಥ ಅಟ್ಟೆ ಮಾಡುವುದು ಹೇಗೆ ಎಂಬುದೇ ಅವರ ಯೋಚನೆ. 1971ರ ಒಂದು ದಿನ ಅವರ ದೃಷ್ಟಿ ಹೆಂಡತಿ ಬಾರ್ಬರಾ ಅವರ ವಾಫಲ್ ಕಾವಲಿಯ ಮೇಲೆ ಬಿತ್ತು. ವಾಫಲ್ ಎಂದರೆ ಅವರ ಬೆಳಗಿನ ತಿಂಡಿ. ಗುಳಿಗುಳಿಯಾದ ಎರಡು ಅಚ್ಚಿನ ನಡುವೆ ಹಿಟ್ಟು ಹುಯ್ದು ಬೇಯಿಸುವುದು. ಆ ಗುಳಿಗಳನ್ನು ನೋಡಿದ್ದೇ ತಡ, ಹಿಟ್ಟಿನ ಬದಲು ಅಟ್ಟೆಗೆ ಬಳಸುವ ರಬ್ಬರಿನಂಥ ದ್ರಾವಣ ಸುರಿದರಂತೆ! ಕಾವಲಿಗೆ ಎಣ್ಣೆ ಸವರಬೇಕು ಅನ್ನುವಷ್ಟೂ ತಿಳಿಯದ ಗಂಡಸು. ಎರಡು ಅಚ್ಚೂ ಅಂಟಿಕೊಂಡು ಕಾವಲಿ ಹಾಳಾಯಿತು. ಆದರೆ ಯೋಚನೆ ಹಾಳಾಗಲಿಲ್ಲ. 1974ರಲ್ಲಿ ಆ ಗುಳಿ ಅಟ್ಟೆಯ ಶೂ ಮಾರಾಟಕ್ಕೆ ಬಂದು ಕಂಪನಿಯನ್ನೇ ಮೇಲೆತ್ತಿತು. ಅವರ ಹಿತ್ತಲಿನ ತಿಪ್ಪೆಯಲ್ಲಿ ಹೂತಿದ್ದ ಕಾವಲಿಯನ್ನು ಎಷ್ಟೋ ವರ್ಷದ ಮೇಲೆ ಅಗೆದು ತೆಗೆದು ಈಗ ಕಂಪನಿಯವರು ಪ್ರದರ್ಶನಕ್ಕೆ ಇಟ್ಟಿದ್ದಾರಂತೆ. ಆ ಬೆಳಿಗ್ಗೆ ಮನೆಯವರಿಗೆಲ್ಲ ತಿಂಡಿಗೆ ಆಯಮ್ಮ ಏನು ಮಾಡಿದರು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.

ಹಾಗೆಯೇ, ಶೂವಿನ ಪಕ್ಕದಲ್ಲಿ ಕೊಕ್ಕೆಯ ಹಾಗೆ ಒಂದು ಗೆರೆ ಇರುತ್ತದಲ್ಲ, ಆ ಗುರುತು ಬರೆದವಳೂ ಹೆಣ್ಣುಮಗಳೇ. 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ. ಸಿಕ್ಕಿದ ಕೂಲಿ 35 ಡಾಲರ್. 1983ರಲ್ಲಿ ಕಂಪನಿಯವರು ಕರೆದು ವಜ್ರದ ಉಂಗುರ, ಒಂದಿಷ್ಟು ಷೇರು ಕೊಟ್ಟರಂತೆ. ಕೊಟ್ಟರಲ್ಲ ಅಷ್ಟಾದರೂ!

"ಸರಿ, ಕಥೆ ಚೆನ್ನಾಗಿದೆ. ಶೂ ಹಾಕ್ಕೊಂಡು ತೋರಿಸು" ಅಂದೆ. ಹುಡುಗಿ ಬೆಚ್ಚಿಬಿದ್ದಳು. ಹಾಕುವುದೆ? ಹಾಕಿದರೆ ಅಟ್ಟೆಗೆ ಧೂಳು ಹತ್ತುತ್ತದೆ, ಬೆರಳ ಹತ್ತಿರ ನೆರಿಗೆ ಬೀಳುತ್ತದೆ, ಬೆಲೆ ಇಳಿದುಹೋಗುತ್ತದೆ! ಹನ್ನೊಂದು ಜೊತೆಯಲ್ಲಿ ಇವಳು ಕಾಲಿಗೆ ಹಾಕುವುದು ಮೂರು, ಉಳಿದ ಎಂಟು ಹೊಸದಾಗಿಯೇ ಪೆಟ್ಟಿಗೆಯಲ್ಲಿ. ಕಂಪನಿಯವರು ಒಂದು ಬಣ್ಣದ ಶೂವನ್ನು ಇಷ್ಟೇ ಜೊತೆ ಎಂದು ಬಿಡುತ್ತಾರೆ. ಬೇಕಾದವರು ಹೆಸರು ಕೊಟ್ಟು ಲಾಟರಿಗೆ ಕಾಯಬೇಕು. ಬಂದವರು ಮಾರನೆಯ ದಿನವೇ ಎರಡರಷ್ಟಕ್ಕೋ ಮೂರರಷ್ಟಕ್ಕೋ ಮಾರಬಹುದು. "ಚಿನ್ನದ ಹಾಗೆ ದೊಡ್ಡಮ್ಮ" ಅಂತಾಳೆ. ನನಗೇನೋ ಟೊಮ್ಯಾಟೊ ಅಡಗಿಸಿಟ್ಟು ರೇಟು ಏರಿಸುವ ಮಂಡಿ ನೆನಪಾಯಿತು. ಬಾಯಿ ಬಿಟ್ಟು ಹೇಳಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಬೆಲೆಗೆ ಹೋದ ಶೂ ಯಾವುದು ಅಂತ ಕೇಳಿದೆ. 2023ರಲ್ಲಿ ಸೋದ್‌ಬಿ ಹರಾಜಿನಲ್ಲಿ ಜೋರ್ಡನ್ನನದೇ ಒಂದು ಜೊತೆ 22 ಲಕ್ಷ ಡಾಲರಿಗೂ ಮೇಲೆ ಹೋಯಿತಂತೆ. 1998ರ ಅಂತಿಮ ಸರಣಿಯಲ್ಲಿ ಅವನು ಹಾಕಿಕೊಂಡು ಆಡಿದ್ದು.

"ನೋಡು, ಹಾಕಿಕೊಂಡು, ಬೆವರು ಹರಿಸಿ ಆಡಿದ್ದಕ್ಕೆ ತಾನೆ ಅಷ್ಟು ಬೆಲೆ?"

"ಅದು ಜೋರ್ಡನ್ ಕಾಲು ದೊಡ್ಡಮ್ಮ. ನನ್ನ ಕಾಲಿಗೆ ಯಾರು ಕೊಡ್ತಾರೆ?" ಅಂದು ನಗುತ್ತ ಮುಚ್ಚಳ ಹಾಕಿಬಿಟ್ಟಳು.

ಮಧ್ಯಾಹ್ನ ಊಟವಾದ ಮೇಲೆ ಚೀಲದಿಂದ ಹಾಡಿನ ಸಾಮಾನು ಹೊರಗೆ ಬಂತು. ಶೂವಿಗೂ ಹಾಡಿಗೂ ಏನು ಸಂಬಂಧ ಅಂತೀರಾ? ನಾನೂ ಕೇಳಿದೆ. 1986ರಲ್ಲಿ ನ್ಯೂಯಾರ್ಕಿನ ರನ್-ಡಿ.ಎಂ.ಸಿ. ಎಂಬ ಮೂವರು ಹುಡುಗರ ತಂಡ ತಮ್ಮ ಅಡಿಡಾಸ್ ಶೂವಿನ ಮೇಲೆಯೇ ಹಾಡು ಕಟ್ಟಿತಂತೆ. ದಾರ ಕಟ್ಟದೆ ಶೂ ಹಾಕುವುದು ಅವರ ಠೀವಿ. ದೊಡ್ಡ ಸಭಾಂಗಣದಲ್ಲಿ ಆ ಹಾಡಿನ ಹೊತ್ತಿಗೆ ಕೇಳುಗರೆಲ್ಲ ಕಾಲಿನಿಂದ ಶೂ ಬಿಚ್ಚಿ ಮೇಲೆತ್ತಿ ಹಿಡಿದರು. ಅದನ್ನು ಕಣ್ಣಾರೆ ಕಂಡ ಕಂಪನಿಯವರು ತಂಡದೊಡನೆ ಹತ್ತು ಲಕ್ಷ ಡಾಲರಿನ ಕರಾರು ಮಾಡಿಕೊಂಡರು. ಆವತ್ತಿನಿಂದ ಶೂ ಮತ್ತು ಹಾಡು ಅಕ್ಕಪಕ್ಕದ ಅಂಗಡಿಯೇ. ಇವಳ ಮೆಚ್ಚಿನ ಬಿಲ್ಲಿ ಐಲಿಷ್ ಕೂಡ 2021ರಲ್ಲಿ ಚರ್ಮ ಬಳಸದ ಜೋರ್ಡನ್ ಶೂಗಳನ್ನು ತನ್ನ ಹೆಸರಿನಲ್ಲಿ ಮಾಡಿಸಿದ್ದಾಳಂತೆ.

ಚೀಲದಿಂದ ಬಂದದ್ದು ಎಲ್.ಪಿ. ರೆಕಾರ್ಡು! ನಮ್ಮ ತಂದೆಯವರು ಗ್ರಾಮಫೋನಿಗೆ ಹಾಕುತ್ತಿದ್ದಂಥದ್ದೇ ದೊಡ್ಡ ತಟ್ಟೆ. ನನಗೆ ಸಂತೋಷವೇ ಆಯಿತು. ನೋಡಿದರೆ ಟೇಲರ್ ಸ್ವಿಫ್ಟ್ ಎಂಬ ಗಾಯಕಿಯ ಒಂದೇ ಸಂಗ್ರಹ, ಹೆಸರು 'ಮಿಡ್‌ನೈಟ್ಸ್', 2022ರದ್ದು, ನಾಲ್ಕು ಪ್ರತಿ! ನಾಲ್ಕು ರಟ್ಟಿನ ಹಿಂಬದಿಯನ್ನೂ ಜೋಡಿಸಿದರೆ ಒಂದು ಗಡಿಯಾರದ ಚಿತ್ರ ಆಗುತ್ತದಂತೆ. ಗಡಿಯಾರ ಬೇಕಾದರೆ ಗಡಿಯಾರವನ್ನೇ ಕೊಳ್ಳಬಹುದಲ್ಲ ಮಗು?

"ಹಾಕೋ ಯಂತ್ರ ಎಲ್ಲಿ?"

"ಯಂತ್ರ ಇಲ್ಲ ದೊಡ್ಡಮ್ಮ. ಹಾಡು ಫೋನಲ್ಲೇ ಕೇಳ್ತೀನಿ."

ಆ ಗಾಯಕಿಯ ಬಗ್ಗೆ ಮೊದಲು ಒಂದು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಅವಳ ಮೊದಲ ಆರು ಸಂಗ್ರಹಗಳ ಮೂಲ ಧ್ವನಿಮುದ್ರಣದ ಹಕ್ಕು 2019ರಲ್ಲಿ ಅವಳ ಕೈತಪ್ಪಿ ಬೇರೆಯವರಿಗೆ ಮಾರಾಟವಾಯಿತು. ಅಳುತ್ತ ಕೂರಲಿಲ್ಲ. ತನ್ನ ಹಾಡುಗಳನ್ನು ತಾನೇ ಮೊದಲಿಂದ ಹಾಡಿ, ಇದು ನನ್ನದು ಎಂದು ಹೆಸರು ಸೇರಿಸಿ, 2021ರಿಂದ 2023ರೊಳಗೆ ನಾಲ್ಕು ಸಂಗ್ರಹ ಹೊರತಂದಳು. ಕೇಳುಗರು ಹೊಸದನ್ನೇ ಕೊಂಡರು. 2025ರ ಮೇ ತಿಂಗಳಲ್ಲಿ ಹಳೆಯ ಹಕ್ಕನ್ನೂ ದುಡ್ಡು ಕೊಟ್ಟು ಬಿಡಿಸಿಕೊಂಡಳು. ಅಡವಿಟ್ಟ ಬಳೆ ಬಿಡಿಸಿಕೊಂಡು ಬಂದವರಿಗೆ ಆ ಸುಖ ಗೊತ್ತು.

ಆದರೆ ಅದೇ ಜಾಣೆ 2025ರ ಅಕ್ಟೋಬರ್ 3ರಂದು 'ದಿ ಲೈಫ್ ಆಫ್ ಎ ಷೋಗರ್ಲ್' ಬಿಟ್ಟಾಗ ಹನ್ನೆರಡು ಹಾಡಿಗೆ ಮೂವತ್ತಕ್ಕೂ ಹೆಚ್ಚು ಬಗೆಯ ಪ್ರತಿಗಳು! ಒಂದರ ರಟ್ಟು ಬೇರೆ, ಒಂದರ ತಟ್ಟೆಯ ಬಣ್ಣ ಬೇರೆ, ಇನ್ನೊಂದರಲ್ಲಿ ಅದೇ ಹಾಡು ಸ್ವಲ್ಪ ಬೇರೆ. ಅಮೆರಿಕದಲ್ಲಿ ಮೊದಲ ವಾರಕ್ಕೇ 40 ಲಕ್ಷ ದಾಟಿ, ಅಡೆಲ್ ಎಂಬ ಗಾಯಕಿಯ 2015ರ ದಾಖಲೆ ಮುರಿಯಿತು. ಹಾಡು ಹೇಗಿವೆ ಅಂದರೆ ನಮ್ಮ ಹುಡುಗಿ ನ್ಯಾಯವಾಗಿಯೇ ಹೇಳಿದಳು. "ಕುಣಿಯೋಕೆ ಚೆನ್ನಾಗಿವೆ. 2024ರಲ್ಲಿ ಬಂದಿದ್ದು ಮೂವತ್ತೊಂದು ಹಾಡು, ಮದುವೆ ಮನೆ ಊಟದ ಥರ, ಕೊನೇಲಿ ಯಾವುದು ತಿಂದೆ ಅಂತ ನೆನಪಿರಲ್ಲ. ಇದು ಪುಟ್ಟದು, ಚೊಕ್ಕ. ಆದ್ರೆ ಮನೆಗೆ ಬಂದ ಮೇಲೂ ಗುನುಗೋ ಹಾಗಿರೋದು ಮೂರೋ ನಾಲ್ಕೋ ಅಷ್ಟೇ." ಹಾಗಿದ್ದೂ ಎರಡು ಬಣ್ಣದ್ದು ಕೊಂಡಿದ್ದಾಳೆ!

ಇವಳ ಕೋಣೆಯ ಗೆಳತಿಗೆ ಕೊರಿಯಾದ ಹುಚ್ಚು. ಅಲ್ಲಿನ ಆಲ್ಬಂಗಳ ಒಳಗೆ ತಂಡದ ಒಬ್ಬ ಹುಡುಗನ ಸಣ್ಣ ಫೋಟೋ ಇಟ್ಟಿರುತ್ತಾರೆ. ಯಾರದು ಎಂದು ಬಿಚ್ಚುವ ತನಕ ಗೊತ್ತಿಲ್ಲ. ಬೇಕಾದವನು ಸಿಗುವ ತನಕ ಕೊಳ್ಳುತ್ತಿರುವುದು. ಸೆವೆಂಟೀನ್ ಎಂದೊಂದು ತಂಡ. ಹೆಸರು ಹದಿನೇಳು, ಇರುವ ಹುಡುಗರು ಹದಿಮೂರು. 2024ರಲ್ಲಿ ಅವರ ಹೊಸ ಆಲ್ಬಂ ಬಂದ ಕೆಲವೇ ದಿನಕ್ಕೆ ಟೋಕಿಯೋ ನಗರದ ಶಿಬುಯಾ ಬೀದಿಯಲ್ಲಿ ರಾಶಿ ರಾಶಿ ಪ್ರತಿಗಳು ಬಿದ್ದಿದ್ದವಂತೆ. ಫೋಟೋ ತೆಗೆದುಕೊಂಡು ಹಾಡನ್ನು ಬೀದಿಗೆ ಬಿಟ್ಟು ಹೋಗಿದ್ದಾರೆ. ಇದನ್ನು ಹೇಳುವಾಗ ಹುಡುಗಿಯ ಮುಖವೇ ಸಪ್ಪಗಾಯಿತು. "ಅದು ನೋಡಿ ನಂಗೂ ಅಳು ಬಂತು ದೊಡ್ಡಮ್ಮ. ಹಾಡೋರು ಎಷ್ಟು ಕಷ್ಟಪಟ್ಟಿರ್ತಾರೆ."

ದೀಪ ಹಚ್ಚುವ ಹೊತ್ತಿಗೆ ಎರಡನೆ ಪೆಟ್ಟಿಗೆಯ ಸರದಿ. ಓಲೆಯ ದುಡ್ಡು ನುಂಗಿದ್ದು ಇದೇ. ಹದಿನೆಂಟು ಸಾವಿರ. ಹನ್ನೆರಡು ಹದಿಮೂರು ವರ್ಷ ಹಿಂದೆ ಬಂದ ಮಾದರಿ, ಒಬ್ಬ ಸಂಗ್ರಹಗಾರನ ಬಳಿ ಕೊಂಡದ್ದು, ಒಮ್ಮೆಯೂ ಯಾರೂ ಹಾಕಿಲ್ಲ. ಕೊಂಡ ಮೇಲೆ ಇವಳೂ ಒಂದೇ ಸಲ ತೆರೆದು ನೋಡಿ, ಕಾಗದ ಸುತ್ತಿ ಮುಚ್ಚಿದ್ದಳಂತೆ. ಈಗ ನನ್ನ ಮುಂದೆ ಕಾಗದ ಬಿಡಿಸಿ, ಒಂದು ಶೂ ಎತ್ತಿ ನನ್ನ ಕೈಗಿಟ್ಟಳು. ನಾನು ಅಟ್ಟೆಯನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದೆ. ಸತ್ಯವಾಗಿ ಹೇಳುತ್ತೇನೆ, ಮೆಲ್ಲಗೇ ಒತ್ತಿದ್ದು. ಒಣಗಿದ ಮೈಸೂರುಪಾಕಿನ ಹಾಗೆ ಪುಡಿಪುಡಿಯಾಗಿ ನನ್ನ ಮಡಿಲಿಗೆ ಉದುರಿತು.

ಹುಡುಗಿ ಇನ್ನೊಂದನ್ನು ಎತ್ತಿದಳು. ಅದರದೂ ಅದೇ ಗತಿ. ಆ ಮುಖ ನೋಡಲಾಗಲಿಲ್ಲ. ಬೈಯಬೇಕೆಂದು ಬೆಳಗಿನಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ!

ಆಮೇಲೆ ಅವಳೇ ಹೇಳಿದಳು. ಇಂಥ ಶೂಗಳ ಮಧ್ಯದ ಅಟ್ಟೆ ಪಾಲಿಯುರೆಥೇನ್ ಎಂಬ ವಸ್ತುವಿನದು. ಗಾಳಿಯಲ್ಲಿನ ತೇವ ಒಳಗೆ ಸೇರಿ ವರ್ಷಗಟ್ಟಲೆ ಕೂತು ಅದರ ಕಟ್ಟನ್ನೇ ಬಿಡಿಸಿಬಿಡುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ಉಳಿಯುತ್ತದೆ ಎಂಬುದು ಸುಳ್ಳು. ಆಗಾಗ ಹಾಕಿಕೊಂಡು ನಡೆದ ಶೂವೇ ಹೆಚ್ಚು ಕಾಲ ಬಾಳುತ್ತದೆ ಎಂದು ಹಳೆಯ ಸಂಗ್ರಹಗಾರರು ಹೇಳುವುದುಂಟಂತೆ. "ಗೊತ್ತಿತ್ತು ದೊಡ್ಡಮ್ಮ. ನಂದಕ್ಕೆ ಹಾಗಾಗಲ್ಲ ಅಂದ್ಕೊಂಡಿದ್ದೆ."

ನಾನು ಎದ್ದು ಟ್ರಂಕಿನಿಂದ ನನ್ನ ಧಾರೆ ಸೀರೆ ತೆಗೆದು ಅವಳ ಮುಂದೆ ಹರಡಿದೆ. ಹರಡುವ ಮಾತೇನು, ಮಡಿಕೆ ಮಡಿಕೆಗೂ ಸೀಳಿದೆ, ಜರಿ ಕಪ್ಪಾಗಿದೆ. ಮದುವೆಯ ದಿನ ಉಟ್ಟದ್ದು, ಆಮೇಲೆ ಎರಡೇ ಸಲ. ಒಳ್ಳೆಯದಕ್ಕೆ ಇರಲಿ, ಒಳ್ಳೆಯದಕ್ಕೆ ಇರಲಿ ಎಂದು ಅದೇ ಮಡಿಕೆಯಲ್ಲಿ ಇಟ್ಟೆ. ಆ ಒಳ್ಳೆಯದು ಯಾವಾಗ ಬಂದು ಹೋಯಿತೋ ನನಗೆ ತಿಳಿಯಲೇ ಇಲ್ಲ. ಇವಳಮ್ಮನ ಷೋಕೇಸಿನಲ್ಲಿ ಮದುವೆಗೆ ಬಂದ ಪಿಂಗಾಣಿ ಟೀ ಸೆಟ್ಟು ಇವತ್ತಿಗೂ ಒಂದು ಹನಿ ಟೀ ಕಂಡಿಲ್ಲ. ಬುದ್ಧಿ ಹೇಳಲು ನಮಗೆ ಬಾಯೆಲ್ಲಿದೆ? ಒಂದೇ ವ್ಯತ್ಯಾಸ, ನಾವು ಇಟ್ಟುಕೊಂಡದ್ದು ಪ್ರೀತಿಗೆ, ಇವರು ಇಡುವುದು ಅರ್ಧ ಪ್ರೀತಿಗೆ, ಅರ್ಧ ಮಾರುವುದಕ್ಕೆ. ಆ ಎರಡನೆ ಅರ್ಧವನ್ನು ನಾನು ಈಗಲೂ ಒಪ್ಪುವುದಿಲ್ಲ. ಹಾಗೆಂದು ಅವಳಿಗೆ ಹೇಳಿಯೂ ಬಿಟ್ಟೆ.

ರಾತ್ರಿ ಹುಡುಗಿಗೆ ನಿದ್ದೆ ಇಲ್ಲ, ನನಗೂ ಇಲ್ಲ. "ಒಂದು ಆಲ್ಬಂ ಕೇಳ್ತೀರಾ?" ಅಂದಳು. ಷರತ್ತು ಮೂರು: ದೀಪ ಆರಿಸಬೇಕು, ಮೊದಲಿನಿಂದ ಕೊನೆಯ ತನಕ ಕೇಳಬೇಕು, ನಡುವೆ ಎದ್ದು ಹಾಲಿಗೆ ಹೆಪ್ಪು ಹಾಕಲು ಹೋಗಬಾರದು. ಬಿಲ್ಲಿ ಐಲಿಷಳ 'ಹಿಟ್ ಮಿ ಹಾರ್ಡ್ ಅಂಡ್ ಸಾಫ್ಟ್', 2024ರ ಮೇ ತಿಂಗಳಿನದು, ಹತ್ತೇ ಹಾಡು. ಅಣ್ಣ ಫಿನಿಯಸ್ ಜೊತೆ ಕೂತು ಮಾಡಿದ್ದು. ಮುಂಚೆ ಒಂದೊಂದೇ ಹಾಡು ಬಿಟ್ಟು ಆಸೆ ಹುಟ್ಟಿಸದೆ, ಕೇಳುವುದಾದರೆ ಪೂರ್ತಿ ಕೇಳಿ ಎಂದು ಹತ್ತನ್ನೂ ಒಟ್ಟಿಗೇ ಕೊಟ್ಟಳಂತೆ. ನೂರೆಂಟು ಬಗೆಯ ಪ್ರತಿ ಮಾಡಿ ಮಾರುವುದು ದಂಡ ಎಂದು ಬಹಿರಂಗವಾಗಿ ಹೇಳಿದವಳೂ ಇವಳೇ. ತಾನೂ ಹಲವು ಬಣ್ಣದ ತಟ್ಟೆ ಬಿಟ್ಟಳು, ಆದರೆ ಹಳೆ ರೆಕಾರ್ಡಿನ ಚೂರು ಮುಂತಾದವನ್ನು ಮತ್ತೆ ಕರಗಿಸಿ ಮಾಡಿದ್ದು.

ಇಂಗ್ಲಿಷು ನನಗೆ ಅಲ್ಲಲ್ಲಿ ತಿಳಿಯಿತು, ಅಲ್ಲಲ್ಲಿ ಇಲ್ಲ. ಕಿವಿಯ ಹತ್ತಿರ ಪಿಸುಗುಟ್ಟುವ ಹಾಗೆ ಶುರುವಾಗಿ, ಎಲ್ಲೋ ಒಂದು ಕಡೆ ದನಿ ಬಿಚ್ಚಿ ಕೂಗುತ್ತಾಳೆ. ಆ ಕೂಗು ಬಂದಾಗ ನನ್ನ ಮೈ ಜುಮ್ ಎಂದಿತು. ಕೆಲವು ಹಾಡು ನಡುವೆ ದಾರಿ ಬದಲಿಸಿ ಬೇರೆ ಹಾಡೇ ಆಗುತ್ತವೆ. ಯಾವುದು ಎಲ್ಲಿ ಬದಲಾಗುತ್ತದೆ ಎಂದು ಹುಡುಗಿ ಕತ್ತಲಲ್ಲೇ ನನ್ನ ಕೈ ಒತ್ತಿ ಮೊದಲೇ ತಿಳಿಸುತ್ತಿದ್ದಳು. ಅಷ್ಟು ಕೇಳಿದ್ದಾಳೆ! ಹಾಡಿನ ವಿಷಯದಲ್ಲಿ ಅವಳು ಏನನ್ನೂ ಪೆಟ್ಟಿಗೆಯಲ್ಲಿಟ್ಟಿಲ್ಲ, ಎಲ್ಲ ಸವೆಯುವ ಹಾಗೆ ಬಳಸಿದ್ದಾಳೆ. ಮುಕ್ಕಾಲು ಗಂಟೆ ಹೋದದ್ದೇ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಪುಡಿಯಾದ ಶೂ ಹಿಡಿದು ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವರ ಬಳಿಗೆ ಹೋದೆವು. ಅವರು ತಿರುಗಿಸಿ ಮುರುಗಿಸಿ ನೋಡಿ, ಮೇಲಿನ ಚರ್ಮ ಗಟ್ಟಿಯಾಗಿದೆ, ಇದೇ ಅಳತೆಯ ಅಟ್ಟೆ ತಂದುಕೊಟ್ಟರೆ ಅಂಟಿಸಿ ಹೊಲಿದು ಕೊಡುತ್ತೇನೆ ಅಂದರು. ಮಾರಲು ಬರುವುದಿಲ್ಲ, ಹಾಕಿಕೊಳ್ಳಬಹುದು. ಹೋಗುವಾಗ ಹುಡುಗಿಯ ಕಾಲಲ್ಲಿ ಕೆಂಪು-ಕಪ್ಪು ಜೋರ್ಡನ್ ಇತ್ತು. ನಾನು ಹೇಳಿರಲಿಲ್ಲ. ಬರುವಾಗ ಸಂತೆಯ ಕೆಸರು ಮೆಟ್ಟಿದಳು. ಒಮ್ಮೆ "ಅಯ್ಯೋ" ಅಂದಳು, ಆಮೇಲೆ ಕೊತ್ತಂಬರಿ ಕಟ್ಟು ಆರಿಸತೊಡಗಿದಳು.

ನಿಮ್ಮ ಮನೆಯಲ್ಲೂ ಇಂಥ ಶೂ ಇದ್ದರೆ ಅವಳಿಂದ ಕಲಿತದ್ದು ಹೇಳುತ್ತೇನೆ. ಕೆಸರು ಒಣಗುವ ತನಕ ಮುಟ್ಟಬೇಡಿ, ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಉದುರಿಸಿ. ದಾರ ಬಿಚ್ಚಿ ಬೇರೆ ತೊಳೆಯಿರಿ. ತೆಳು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿದರೆ ಸಾಕು, ಬಕೆಟ್ಟಿನಲ್ಲಿ ನೆನೆಸಿಡಬಾರದು. ಆಕಾರ ಕೆಡದಂತೆ ಒಳಗೆ ಬಿಳಿ ಕಾಗದ ತುಂಬಿ ನೆರಳಲ್ಲಿ ಒಣಗಿಸಿ. ಹಳೇ ಪತ್ರಿಕೆ ತುಂಬಿದರೆ ಮಸಿ ಹತ್ತುತ್ತದೆ. ಬಿಸಿಲಿಗೆ ಅಂಟು ಬಿಡುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಬೇಡಿ. ರೇಷ್ಮೆ ಸೀರೆಗೂ ಈ ಕೊನೆಯ ಮಾತು ಸಲ್ಲುತ್ತದೆ, ಜೊತೆಗೆ ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಇನ್ನೆರಡು ಜೊತೆ ಮಾರಿ ಓಲೆಯ ದುಡ್ಡು ಅಮ್ಮನಿಗೆ ವಾಪಸು ಕೊಡುವುದು ಅಂತ ಲೆಕ್ಕ ಹಾಕಿದಳು. ನಾನು ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಸಂಜೆಯ ರೈಲಿಗೆ ಮುಂಚೆ ಜಗಲಿಯ ಮೇಲೆ ಕೂತು ತಾನಾಗಿಯೇ ಮನೆಗೆ ಫೋನು ಮಾಡಿದಳು. "ಅಮ್ಮಾ, ಆ ಶೂ ಹೋಯ್ತು. ಅಟ್ಟೆ ಎಲ್ಲ ಪುಡಿಯಾಯ್ತು" ಅಂದಳು.

ಆ ಕಡೆ ತಂಗಿ ಎಷ್ಟೋ ಹೊತ್ತು ಮಾತಾಡಲಿಲ್ಲ. ನಾನೂ ಉಸಿರು ಬಿಗಿಹಿಡಿದು ನಿಂತಿದ್ದೆ. ಕೊನೆಗೆ ಕೇಳಿದಳು: "ನಡೀತಾ ಇರುವಾಗ ಆಗಿದ್ದಾ? ಬಿದ್ದುಗಿದ್ದು ಮಾಡ್ಕೊಂಡಿಲ್ಲ ತಾನೆ?"